ಬಾವಿಯೊಳಗಿನ ಗಾಜಿನ ಸಂಸಾರ

ಟೂತ್‌ಬ್ರಶ್ಶಿಗೆ ನಿವೃತ್ತಿ ಎಂಬುದಿಲ್ಲ, ಗಮನಿಸಿದ್ದೀರಾ? ಸರ್ಕಾರಿ ನೌಕರನಿಗೆ ಉಂಟು, ಕ್ರಿಕೆಟ್ ಆಟಗಾರನಿಗೆ ಉಂಟು, ಕಡೆಗೆ ಅಡುಗೆಮನೆಯ ಮಿಕ್ಸಿಗೂ ಒಂದು ದಿನ ಮೋಕ್ಷ ಉಂಟು. ಆದರೆ ಹಲ್ಲುಜ್ಜಿ ಹಲ್ಲುಜ್ಜಿ ಕೂದಲು ಕೆದರಿ ನಿಂತ ಟೂತ್‌ಬ್ರಶ್ಶನ್ನು ನೇರವಾಗಿ ಕಸದ ಬುಟ್ಟಿಗೆ ಎಸೆದ ಗೃಹಿಣಿಯನ್ನು ನಾನು ಇದುವರೆಗೆ ಕಂಡಿಲ್ಲ. ಬಾಯಿಂದ ಬಿಡುಗಡೆಯಾದ ಮರುದಿನವೇ ಅದಕ್ಕೆ ಬಾಚಣಿಗೆಯ ಸಂದಿಗೆ ವರ್ಗ, ಅಲ್ಲಿಂದ ಗ್ಯಾಸ್ ಒಲೆಯ ಬರ್ನರಿಗೆ, ಹಬ್ಬ ಬಂದರೆ ಬೆಳ್ಳಿ ದೀಪದ ಕೆತ್ತನೆಗೆ ವಿಶೇಷ ನಿಯೋಜನೆ. ನಮ್ಮ ಮನೆಯಲ್ಲಿ ಮಾತ್ರ ಅದು ಇನ್ನೊಂದು ಮೆಟ್ಟಿಲು ಮೇಲೇರಿ, ಗೃಹಸ್ಥಾಶ್ರಮವನ್ನು ತ್ಯಜಿಸಿ, ಕೆರೆ ಬಾವಿಗಳ ತೀರ್ಥಯಾತ್ರೆಗೆ ಹೊರಡುತ್ತದೆ. ನನ್ನ ವೃತ್ತಿಗೆ ಬೇಕಾದ ಆಯುಧಗಳಲ್ಲಿ ಮೊದಲನೆಯದು, ನಂಬಿದರೆ ನಂಬಿ ಬಿಟ್ಟರೆ ಬಿಡಿ, ಹಳೆಯ ಟೂತ್‌ಬ್ರಶ್ಶು.

ನಾನು ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವವಳು, ಹೆಸರು ವಸುಂಧರಾ, ಹುಟ್ಟಿದ್ದು ಮೈಸೂರಿನಲ್ಲಿ, ಮದುವೆಯಾಗಿ ಬಂದು ಬೇರುಬಿಟ್ಟದ್ದು ಮಲಾಡಿನಲ್ಲಿ. ಸಸ್ಯಶಾಸ್ತ್ರ ಎಂದೊಡನೆ ನಮ್ಮ ಬಿಲ್ಡಿಂಗಿನ ಹೆಂಗಸರು ತಮ್ಮ ಕುಂಡದ ಕರಿಬೇವು ಏಕೆ ಸೊರಗಿದೆ ಎಂದು ಕೇಳುತ್ತಾರೆ. ಅಯ್ಯೋ, ನನಗೇನು ಗೊತ್ತು? ನನ್ನ ಮನೆಯ ಕರಿಬೇವೂ ಸೊರಗಿಯೇ ಇದೆ. ನಾನು ಬಲ್ಲದ್ದು ಡಯಾಟಮ್ ಎಂಬ ಒಂದೇ ಒಂದು ಕುಲವನ್ನು. ಕೆರೆಯ ಮೆಟ್ಟಿಲ ಮೇಲೆ ಕಾಲಿಟ್ಟಾಗ ಜರ್ರೆಂದು ಜಾರಿಸಿ ನಮ್ಮ ಘನತೆಯನ್ನು ಕ್ಷಣಾರ್ಧದಲ್ಲಿ ನೆಲಸಮ ಮಾಡುವ ಕಂದುಬಣ್ಣದ ಲೋಳೆಯಿದೆಯಲ್ಲ, ಅದರೊಳಗಿನ ಪ್ರಜೆಗಳಿವು. ಒಂದೊಂದೂ ಒಂದೇ ಕೋಶದ ಜೀವಿ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮ, ಆದರೂ ಒಂದೊಂದಕ್ಕೂ ಸ್ವಂತದ ಗಾಜಿನ ಮನೆ. ನೀರಿನಲ್ಲಿರುವ ಮರಳಿನಂಶವನ್ನು ಹೀರಿ, ತಳವೂ ಮುಚ್ಚಳವೂ ಇರುವ ಗಾಜಿನ ಡಬ್ಬಿಯೊಂದನ್ನು ತಾನೇ ಕಟ್ಟಿಕೊಂಡು, ಅದರೊಳಗೆ ಕೂತು ಬಿಸಿಲುಂಡು, ನಮಗೆಲ್ಲ ಉಸಿರನ್ನು ದಾನ ಮಾಡುತ್ತದೆ. ಮುಂಬಯಿಯಲ್ಲಿ ಸಾಲವಿಲ್ಲದೆ ಮನೆ ಕಟ್ಟಿಕೊಂಡ ಜೀವಿ ಎಂದು ನಾನು ತರಗತಿಯಲ್ಲಿ ಹೇಳುವುದುಂಟು. ಮಕ್ಕಳು ನಗುವುದಿಲ್ಲ, ನಾನು ಹೇಳುವುದನ್ನೂ ಬಿಟ್ಟಿಲ್ಲ.

ಆತ್ಮವಿಶ್ವಾಸ ನಮ್ಮ ಮನೆತನದ ಆಸ್ತಿ. ನಮ್ಮ ತಂದೆಯವರು ಮೈಸೂರಿನ ಬೀದಿಯಲ್ಲಿ ದಾರಿ ಕೇಳಿದ ಅಪರಿಚಿತರಿಗೆ ತಮಗೆ ಗೊತ್ತಿಲ್ಲದ ದಾರಿಯನ್ನೂ ಎಂಥ ಖಚಿತ ಧ್ವನಿಯಲ್ಲಿ ಹೇಳುತ್ತಿದ್ದರೆಂದರೆ, ಎರಡನೆಯ ಸಲ ಎದುರಾದಾಗ ಅದೇ ಅಪರಿಚಿತರು ತಾವೇ ತಪ್ಪು ತಿರುಗಿದೆವೆಂದು ಕ್ಷಮೆ ಕೇಳಿ ಹೋಗುತ್ತಿದ್ದರು. ಆ ರಕ್ತ ನನ್ನಲ್ಲೂ ಇದೆ. ಆದರೆ ಆತ್ಮವಿಶ್ವಾಸದಲ್ಲಿ ನನ್ನನ್ನೂ ಮೀರಿಸಿದವಳೊಬ್ಬಳು ನನ್ನ ಬಳಿ ಸಂಶೋಧನೆಗೆ ಬಂದು ಸೇರಿದಳು, ಭಾಗ್ಯಶ್ರೀ. ವಿಜಯಪುರದ ಕಡೆಯಿಂದ ಬಂದು ಮುಂಬಯಿಯ ಟವರುಗಳನ್ನು ಕಟ್ಟುತ್ತಿರುವ ಗೌಂಡಿಯೊಬ್ಬರ ಮಗಳು. ಬೆಳೆದದ್ದೆಲ್ಲ ಮಲಾಡಿನ ಚಾಳಿನಲ್ಲಿ. ಹಿಂದಿಯಲ್ಲಿ ಜಗಳವಾಡಿ, ಇಂಗ್ಲಿಷಿನಲ್ಲಿ ಬರೆದು, ಮನಸ್ಸಿಗೆ ಹತ್ತಿರವಾದದ್ದನ್ನು ಮಾತ್ರ ಕನ್ನಡದಲ್ಲಿ ಹೇಳುವವಳು.

ಅವಳು ಪವಾಯಿ ಕೆರೆಯಿಂದ ತಂದ ಲೋಳೆಯಲ್ಲೆಲ್ಲ ಆಗಲೇ ಹೆಸರಾದ ಹಳೆಯ ಜಾತಿಗಳೇ ಸಿಕ್ಕಿ ಬೇಸರಪಟ್ಟಿದ್ದ ದಿನಗಳವು. ಒಂದು ಭಾನುವಾರ ಪ್ರಬಂಧದ ಅಧ್ಯಾಯ ತೋರಿಸಲು ನಮ್ಮ ಮನೆಗೆ ಬಂದವಳು, ನಾನು ಓದುತ್ತ ಕೂತಿದ್ದಾಗ ಸುಮ್ಮನಿರಲಾರದೆ ಬಿಲ್ಡಿಂಗಿನ ಹಿಂದಕ್ಕೆ ಹೋದಳು. ಅಲ್ಲೊಂದು ಹಳೆಯ ಕಲ್ಲುಬಾವಿ. ನಮ್ಮ ಬಿಲ್ಡಿಂಗು ಏಳುವ ಮುಂಚೆ ಅಲ್ಲಿದ್ದ ಬಂಗಲೆಯದು. ಬಂಗಲೆ ಹೋದರೂ ಬಾವಿ ಉಳಿದಿದೆ. ಭಾಗ್ಯಶ್ರೀ ಪರ್ಸಿನಿಂದ ಟೂತ್‌ಬ್ರಶ್ ತೆಗೆದು, ಒಳಗೆ ಇಳಿಯುವ ಮೆಟ್ಟಿಲುಗಲ್ಲನ್ನು ಉಜ್ಜಿ, ಒಂದಿಷ್ಟು ಲೋಳೆಯನ್ನು ಸೀಸೆಗೆ ತುಂಬಿಕೊಂಡು ಹೋದಳು. ವಾರದೊಳಗೆ ಫೋನು ಬಂತು. "ಮೇಡಂ, ಇಂಥಾದ್ದು ಯಾವ ಪುಸ್ತಕದಾಗೂ ಇಲ್ರಿ. ನಿಮ್ಮ ಹಿತ್ತಲದಾಗ ಹೊಸಾದು ಸಿಕ್ಕದ್ರಿ!" ನಾನು ಹೋಗಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಇಷ್ಟು ವರ್ಷ ಊರೂರಿನ ಕೆರೆ ಉಜ್ಜಿದವಳ ಹಿತ್ತಿಲಲ್ಲೇ, ಬಟ್ಟೆ ಒಣಹಾಕುವ ಕಿಟಕಿಯ ಕೆಳಗೇ, ಯಾರೂ ಹೆಸರಿಡದ ಒಂದು ಜೀವ ಹಾಯಾಗಿ ಸಂಸಾರ ಹೂಡಿಕೊಂಡಿತ್ತು.

ಹೊಸ ಜೀವಿ ಸಿಕ್ಕರೆ ಸಾಲದು, ಅದನ್ನು ವರ್ಣಿಸಬೇಕು. ವರ್ಣನೆ ಎಂದರೆ ನಮ್ಮ ಕವಿಗಳ ಅಷ್ಟಾದಶ ವರ್ಣನೆಯಲ್ಲ. ಅವರಿಗೇನು, ಚಂದ್ರ ಕಂಡರೆ ಒಂದು ಪದ್ಯ, ಕಾಣದಿದ್ದರೆ ವಿರಹದ ಮೇಲೆ ಹತ್ತು. ನಮ್ಮಲ್ಲಿ ಉಪಮೆ ನಿಷಿದ್ಧ, ಉತ್ಪ್ರೇಕ್ಷೆ ಮಹಾಪರಾಧ, ವಿಶೇಷಣಗಳಿಗೆ ಬಾಗಿಲಲ್ಲೇ ತಪಾಸಣೆ. ಗಾಜಿನ ಮೇಲೆ ಗೆರೆಗಳೆಷ್ಟು ಒತ್ತಾಗಿವೆ, ಅಂಚು ಎಲ್ಲಿ ಬಾಗಿದೆ, ತುದಿ ಚೂಪೋ ದುಂಡೋ, ಇಷ್ಟು ಹೇಳಿ ಬಾಯಿ ಮುಚ್ಚಿಕೊಳ್ಳಬೇಕು. ಇನ್ನೂ ದೊಡ್ಡ ವಿಪರ್ಯಾಸವೆಂದರೆ, ಡಯಾಟಮನ್ನು ವರ್ಣಿಸುವ ಮುನ್ನ ಅದನ್ನು ಆಮ್ಲದಲ್ಲಿ ಕುದಿಸಿ, ಜೀವವಿದ್ದ ಭಾಗವನ್ನೆಲ್ಲ ಸುಟ್ಟು ಕಳೆದು, ಬರಿಯ ಗಾಜಿನ ಚಿಪ್ಪನ್ನು ಉಳಿಸಿಕೊಳ್ಳಬೇಕು. ಮನೆಯವರನ್ನು ಹೊರಗೆ ಕಳಿಸಿ ಗೋಡೆಯನ್ನು ಅಳೆದು, ಇಂಥವರ ವಂಶ ಇದು ಎಂದು ತೀರ್ಪು ಕೊಡುವ ವಿದ್ಯೆ ನಮ್ಮದು. ಭಾಗ್ಯಶ್ರೀಯ ಮೊದಲ ಕರಡಿನಲ್ಲಿ 'ಅತ್ಯಂತ ಮುದ್ದಾದ' ಎಂಬ ಮಾತಿತ್ತು. ಹೊಡೆದುಹಾಕಿದೆ. ಹೊಡೆದುಹಾಕಲು ನನಗೂ ಮನಸ್ಸಿರಲಿಲ್ಲ. ಏಕೆಂದರೆ ಅದು ಮುದ್ದಾಗಿಯೇ ಇತ್ತು.

ಗಾಜಿನ ಮೇಲಿನ ಅತಿಸೂಕ್ಷ್ಮ ರಂಧ್ರಗಳನ್ನು ನೋಡಲು ಇಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ಪವಾಯಿಯ ಪ್ರಯೋಗಶಾಲೆಯೊಂದರಲ್ಲಿ ಸರದಿ ಹಿಡಿದು ಕಾದು ಕೂತೆವು. ಆ ಯಂತ್ರದೊಳಕ್ಕೆ ಕಳಿಸುವ ಮುನ್ನ ಡಯಾಟಮಿಗೆ ಚಿನ್ನದ ಲೇಪ ಕೊಡುತ್ತಾರೆ, ನಿಜವಾದ ಚಿನ್ನ. ಈ ಸುದ್ದಿಯನ್ನು ನಮ್ಮ ಯಜಮಾನರಿಗೆ ಹೇಳಿದಾಗ ಅವರು ಪೇಪರಿನಿಂದ ತಲೆಯೆತ್ತಿ, "ಪಾಚಿಗೂ ಚಿನ್ನ ಹಾಕೋ ಕಾಲ ಬಂತಾ?" ಎಂದು ಕೇಳಿ, ನಾನು ಆ ವಿಷಯವನ್ನು ಮುಂದುವರಿಸುವ ಮೊದಲೇ ಮತ್ತೆ ಪೇಪರಿನೊಳಗೆ ಅಂತರ್ಧಾನರಾದರು.

ಇನ್ನು ನಾಮಕರಣ. ಗಣದ ಹೆಸರು ಮೊದಲೇ ನಿಶ್ಚಿತ, ನಾವಿಕುಲ, ಅಂದರೆ ಪುಟ್ಟ ದೋಣಿ. ಅದರ ಮುಂದಿನ ಹೆಸರನ್ನು ಕಂಡುಹಿಡಿದವರು ಇಡಬಹುದು, ಆದರೆ ತಮ್ಮದೇ ಹೆಸರು ಇಟ್ಟುಕೊಳ್ಳುವುದು ಶಿಷ್ಟಾಚಾರವಲ್ಲ. ಶಿಷ್ಯರು ಗುರುಗಳ ಹೆಸರಿಡುವ ವಾಡಿಕೆ ಮಾತ್ರ ಧಾರಾಳವಾಗಿದೆ. ಈ ವಾಡಿಕೆ ನನಗೆ ಬಹಳ ಇಷ್ಟ. ಆದ್ದರಿಂದಲೇ ಭಾಗ್ಯಶ್ರೀ ಹೆಸರಿನ ಮಾತೆತ್ತಿದ ದಿನ ನಾನು ಕನ್ನಡಕ ತೆಗೆದು ಒರೆಸುತ್ತ, "ನನ್ನ ಹೆಸರೆಲ್ಲ ಯಾಕಮ್ಮ, ಬೇಡ, ಮಲಾಡಿನ ಹೆಸರೇ ಇಡು" ಎಂದು ವಿನಯವನ್ನು ಮೆರೆದೆ. ಅವಳು "ಹೌದೇನ್ರಿ? ಆತ್ರಿ" ಎಂದು ಸುಮ್ಮನಾಗಿಬಿಟ್ಟಳು. ನೋಡಿ, ವಿನಯವನ್ನು ಮೆರೆಯುವಾಗ ಎದುರಿನವರು ಎರಡು ಸಲವಾದರೂ ಒತ್ತಾಯ ಮಾಡುವಂಥವರೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು.

ಲೇಖನ ಪತ್ರಿಕೆಗೆ ಹೋಯಿತು. ತಜ್ಞರೊಬ್ಬರ ಆಕ್ಷೇಪಣೆ ಹೊತ್ತು ಮರಳಿ ಬಂತು. ಆಕ್ಷೇಪಣೆ ಏನೆಂದು ತಿಳಿಯಬೇಕಾದರೆ ಡಯಾಟಮಿನ ಸಂತಾನಕ್ರಮವನ್ನು ನೀವು ತಿಳಿಯಬೇಕು. ಕಷ್ಟವಿಲ್ಲ, ಅಡುಗೆಮನೆಯ ಡಬ್ಬಿ ನೆನೆಸಿಕೊಳ್ಳಿ. ಡಯಾಟಮ್ ಎರಡಾಗುವಾಗ ಒಬ್ಬ ಮಗಳಿಗೆ ಮುಚ್ಚಳ, ಇನ್ನೊಬ್ಬಳಿಗೆ ತಳ ಪಾಲಾಗುತ್ತದೆ. ಇಬ್ಬರೂ ತಮಗೆ ಬಂದದ್ದನ್ನೇ ಮುಚ್ಚಳವೆಂದು ಭಾವಿಸಿ, ಅದರೊಳಗೆ ಕೂರುವಂಥ ಹೊಸ ತಳ ಕಟ್ಟಿಕೊಳ್ಳುತ್ತಾರೆ. ಹೀಗಾಗಿ ತಳ ಸಿಕ್ಕವಳ ಡಬ್ಬಿ ಒಂದು ಕೂದಲೆಳೆ ಚಿಕ್ಕದು; ಅವಳ ಮಗಳದು ಇನ್ನೂ ಚಿಕ್ಕದು. ಪಿತ್ರಾರ್ಜಿತ ಆಸ್ತಿ ಪಾಲಾಗುತ್ತ ಪಾಲಾಗುತ್ತ ಕಡೆಯವರಿಗೆ ಬಾಲ್ಕನಿ ಮಾತ್ರ ಉಳಿದ ಹಾಗೆ ಸಂತತಿ ಕುಗ್ಗುತ್ತ ಹೋಗುತ್ತದೆ. ತೀರ ಕುಗ್ಗಿದಾಗ ಒಂದು ಅಪೂರ್ವ ಗಳಿಗೆಯಲ್ಲಿ ಅವು ತಮ್ಮ ಪಾಲಿಗೆ ಬಂದ ಗಾಜಿನ ಮನೆಯನ್ನೇ ಕಳಚಿ ಎಸೆದು, ಬರಿಮೈಯಲ್ಲಿ ಉಬ್ಬಿ ಬೆಳೆದು, ಪೂರ್ವಜರಷ್ಟೇ ದೊಡ್ಡದಾದ ಹೊಸ ಮನೆ ಕಟ್ಟುತ್ತವೆ. ಕುಗ್ಗಿದವುಗಳ ತುದಿಯೆಲ್ಲ ಸವೆದು ದುಂಡಗಾಗಿ, ಬೇರೆ ಬೇರೆ ಜಾತಿಗಳೂ ಒಂದೇ ತೆರನಾಗಿ ಕಾಣುತ್ತವೆ. ತಜ್ಞರ ಮಾತು ಇಷ್ಟೇ: ನೀವು ಹೊಸದೆನ್ನುವುದು ಚೂಪುತುದಿಯ ಒಂದು ಹಳೆಯ ಜಾತಿಯ ಕುಗ್ಗಿದ ಮೊಮ್ಮಕ್ಕಳಿರಬಹುದು, ದೊಡ್ಡದನ್ನು ತೋರಿಸಿ, ಅದರ ತುದಿಯೂ ದುಂಡಗಿದ್ದರೆ ಒಪ್ಪುತ್ತೇವೆ.

ಮಾತು ನ್ಯಾಯವಾದದ್ದೇ. ಆದರೆ ಭಾಗ್ಯಶ್ರೀಯ ಮಹಾಪ್ರಬಂಧ ನಿಂತಿದ್ದೇ ಈ ಜೀವಿಯ ಮೇಲೆ. ವಿಶ್ವವಿದ್ಯಾಲಯ ಕೊಟ್ಟ ಕಡೆಯ ಗಡುವು ಮಳೆಗಾಲದ ಕೊನೆಗೆ. ಇದು ಬಿದ್ದರೆ ಅಷ್ಟು ವರ್ಷದ ದುಡಿಮೆ ನೀರುಪಾಲು, ಪದವಿ ಇಲ್ಲ. ಅವಳ ಅಪ್ಪ ಅದಾಗಲೇ ಊರಿನವರಿಗೆಲ್ಲ ಫೋನು ಮಾಡಿ, ದೇವರು ಮಾಡಿಟ್ಟು ಮರೆತಿದ್ದ ಒಂದು ಜೀವವನ್ನು ತನ್ನ ಮಗಳು ಹುಡುಕಿ ತೆಗೆದಿದ್ದಾಳೆಂದು ಹೇಳಿಕೊಂಡಿದ್ದರು. ಅಂದಿನಿಂದ ಪ್ರತಿ ಭಾನುವಾರ ಅವಳು ಬಂದು ಬಾವಿಯ ಕಲ್ಲು ಉಜ್ಜುವುದು, ನನ್ನ ಊಟದ ಮೇಜಿನ ಮೇಲೆ ಸೂಕ್ಷ್ಮದರ್ಶಕವಿಟ್ಟು ನಾವಿಬ್ಬರೂ ಪಾಳಿಯಲ್ಲಿ ಹುಡುಕುವುದು. ಸಿಕ್ಕವೆಲ್ಲ ಕುಳ್ಳರೇ.

ಅಷ್ಟರಲ್ಲಿ ನಾನು ಸುಮ್ಮನಿರದೆ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ನಮ್ಮ ಬಾವಿಯ ಮಹಿಮೆಯನ್ನು ಸವಿಸ್ತಾರವಾಗಿ ಹಾಡಿದ್ದೆ. ಸೆಕ್ರೆಟರಿ ಸಾವಂತರು ಹಿಗ್ಗಿಹೋದರು. ಸಾವಂತರು ಒಳ್ಳೆಯ ಮನುಷ್ಯ. ಯಾರ ಮನೆಯ ನಲ್ಲಿ ಸೋರಿದರೂ ನೋಟೀಸು, ಯಾರ ಚಪ್ಪಲಿ ಬಾಗಿಲಾಚೆ ಇದ್ದರೂ ನೋಟೀಸು. ಆದರೆ ಕಷ್ಟಕ್ಕೆ ಮೊದಲು ಓಡಿಬರುವವರೂ ಅವರೇ. ಭಾಗ್ಯಶ್ರೀಗೆ ಬಾವಿಕಟ್ಟೆಯ ಬಳಿಯೇ ಶಾಲು ಹೊದಿಸಿ ಸತ್ಕಾರ ಮಾಡಬೇಕೆಂದು ಅವರ ಹಟ. ಆಗಲಿ ಎಂದೆ. ಅದರ ಮುನ್ನಾ ಭಾನುವಾರ ಮಾಟುಂಗದ ಕನ್ನಡ ಸಂಘವೊಂದರಲ್ಲಿ ನನ್ನ ಭಾಷಣ. ನೀರಿಗೂ ಬೆಳಕಿಗೂ ಹುಟ್ಟಿದ ಈ ಕೂಸು ನಮ್ಮ ಕಲ್ಲುಬಾವಿಯ ಮಡಿಲಲ್ಲಿ ಹೇಗೆ ನಿರಾತಂಕವಾಗಿ ಬೆಳೆದಿದೆಯೆಂದು ಅಲ್ಲಿ ನಾನು ಗದ್ಗದಕಂಠದಿಂದ ವರ್ಣಿಸುತ್ತಿದ್ದಾಗಲೇ, ಇಲ್ಲಿ ಸಾವಂತರು ಸತ್ಕಾರಕ್ಕೆ ಬರುವ ಅತಿಥಿಗಳ ಮುಂದೆ ಪಾಚಿಗಟ್ಟಿದ ಬಾವಿ ಇದ್ದರೆ ಸೊಸೈಟಿಯ ಮಾನವೇನಾದೀತೆಂದು, ಆಳು ಇಳಿಸಿ, ಪಂಪು ಹಚ್ಚಿ, ತಂತಿಬ್ರಶ್ಶಿನಿಂದ ಕಲ್ಲುಕಲ್ಲನ್ನೂ ತಿಕ್ಕಿಸಿ, ಬ್ಲೀಚಿಂಗ್ ಪೌಡರ್ ಸುರಿಸುತ್ತಿದ್ದರು.

ಭೋಜನ ಮುಗಿಸಿ, ಲೋಕಲ್ ಹಿಡಿದು, ಹೂಗುಚ್ಛ ಹಿಡಿದುಕೊಂಡೇ ಗೇಟು ದಾಟಿದೆ. ಸಾವಂತರು ಎದುರಿಗೇ ನಿಂತು, ಪ್ಯಾಂಟಿನ ಕಾಲು ಮಡಚಿಕೊಂಡು, "ಮ್ಯಾಡಮ್, ಅಬ್ ದೇಖೋ! ಏಕ್‌ದಮ್ ಚಕಾಚಕ್!" ಎಂದು ಥಳಥಳಿಸುವ ಬಾವಿಯತ್ತ ಕೈಮಾಡಿದರು. ಬಾವಿಕಟ್ಟೆಯ ಬಳಿ ಭಾಗ್ಯಶ್ರೀ ನಿಂತಿದ್ದಳು, ಕೈಯಲ್ಲಿ ಖಾಲಿ ಸೀಸೆ. "ಏನು ಮಾಡಿಟ್ಟಾರ ನೋಡ್ರಿ ಮೇಡಂ! ತಿಕ್ಕಿ ತೊಳದ ಬಿಟ್ಟಾರ್ರೀ! ಒಂದು ಕಲ್ಲರ ಬಿಡಬಾರದಾಗಿತ್ತೇನ್ರಿ?" ಎಂದವಳು ಸಾವಂತರತ್ತ ತಿರುಗಿ ಹಿಂದಿಯಲ್ಲಿ ಶುರುಮಾಡಿದಳು. ಅದನ್ನಿಲ್ಲಿ ಬರೆಯಲಾರೆ. ಸಾವಂತರ ಮುಖದ ಬಣ್ಣ ಇಳಿಯುತ್ತ ಹೋಯಿತು. ಪಾಪ, ದೇವರನ್ನು ಕರೆಯುವ ಮುನ್ನ ಅಂಗಳ ತೊಳೆದವರ ತಪ್ಪೇನು? ಹಾಗೆಂದು ಅಂದು ನನಗನ್ನಿಸಲಿಲ್ಲ. ಅಂದು ನನಗೆ ಬಂದದ್ದು ಉರಿಯುವ ಕೋಪ, ಅದರ ಹಿಂದೆಯೇ ಅಳು.

ಮನೆಗೆ ಬಂದು ಹೂಗುಚ್ಛವನ್ನು ಮೂಲೆಗೆಸೆದು ಇಬ್ಬರೂ ಕೂತಿದ್ದೆವು. ಆಗ ಬಚ್ಚಲಿನಿಂದ ನಮ್ಮ ಯಜಮಾನರ ದನಿ ಕೇಳಿತು: "ಲೇ, ಫ್ಲಷ್ ನೀರೆಲ್ಲ ಬ್ಲೀಚಿಂಗ್ ವಾಸನೆ ಕಣೇ!" ಸಾಮಾನ್ಯವಾಗಿ ಆ ದಿಕ್ಕಿನಿಂದ ಬರುವ ಸುದ್ದಿಗಳಿಗೆ ನಾನು ಕಿವಿಗೊಡುವವಳಲ್ಲ. ಆದರೆ ಅಂದು ದಿಗ್ಗನೆದ್ದು ನಿಂತೆ. ಕುಡಿಯಲು ಅಡುಗೆಗೆ ಮುನಿಸಿಪಾಲಿಟಿ ನೀರು, ಫ್ಲಷ್ಷಿಗೆ ಬಾವಿಯ ನೀರು. ನಮ್ಮ ಬಿಲ್ಡಿಂಗಿನಲ್ಲಿ ಮೊದಲಿನಿಂದಲೂ ಹಾಗೆಯೇ. ಅಂದರೆ ನಮ್ಮ ಬಾವಿಯ ಪ್ರಜೆಗಳು ವರ್ಷಗಳಿಂದ ಪೈಪು ಹತ್ತಿ ಪ್ರತಿ ಮನೆಯ ಫ್ಲಷ್ ಟ್ಯಾಂಕಿಗೂ ಹೋಗಿ ನೆಲೆಸಿರಬೇಕು! ಆದರೆ ಈಗ ಯಾರು ಫ್ಲಷ್ ಮಾಡಿದರೂ ಅವರ ಟ್ಯಾಂಕಿಗೆ ಬ್ಲೀಚಿಂಗ್ ನೀರು ತುಂಬಿ ಅಲ್ಲಿಯೂ ಪ್ರಳಯ. ತಕ್ಷಣ ಗುಂಪಿಗೆ ಹಿಂದಿಯಲ್ಲಿ ಸಂದೇಶ ಕಳಿಸಿದೆ: ದಯವಿಟ್ಟು ಯಾರೂ ಫ್ಲಷ್ ಮಾಡಬೇಡಿ, ಒಳಗೆ ಜೀವವಿದೆ. ಮೂರನೆಯ ಮಹಡಿಯವರು ಹಾವೆಂದು ತಿಳಿದು ಬಾಗಿಲಿಗೆ ಚಿಲಕ ಹಾಕಿದರು. ಆಗಲಿ, ಉದ್ದೇಶ ನೆರವೇರಿತು.

ಆಮೇಲಿನ ಸಂಜೆಯನ್ನು ನೀವೇ ಊಹಿಸಿಕೊಳ್ಳಿ. ಸಸ್ಯಶಾಸ್ತ್ರದ ಪ್ರಾಧ್ಯಾಪಕಿಯೊಬ್ಬಳು, ಮಾಟುಂಗಕ್ಕೆ ಉಟ್ಟ ಮೈಸೂರು ರೇಷ್ಮೆಯಲ್ಲೇ, ಶಿಷ್ಯೆಯ ಸಮೇತ ಮನೆಮನೆಯ ಬೆಲ್ಲು ಒತ್ತಿ, ಚಹಾ ಬೇಡವೆಂದು, ನೇರವಾಗಿ ಶೌಚಾಲಯಕ್ಕೆ ನುಗ್ಗಿ, ಟ್ಯಾಂಕಿನ ಮುಚ್ಚಳ ಎತ್ತಿ ಒಳಗೋಡೆಯನ್ನು ಟೂತ್‌ಬ್ರಶ್ಶಿನಿಂದ ಉಜ್ಜಿದಳು. ಎಲ್ಲ ಕಡೆ ಕತ್ತಲು, ಬರಿಯ ಕೆಸರು. ಬೆಳಕಿಲ್ಲದೆಡೆ ಡಯಾಟಮ್ ಬಾಳದು. ಉಳಿದದ್ದು ಸಾವಂತರ ಮನೆಯೊಂದೇ. ಅವರು ಬಾಗಿಲಿಗೆ ಅಡ್ಡ ನಿಂತು, ನಮ್ಮಲ್ಲಿ ಏನೂ ಇಲ್ಲ, ಎಲ್ಲ ಸ್ವಚ್ಛ ಎಂದು ತೊದಲಿದರು. ಒಳಗಿನಿಂದ ಸಾವಂತರ ಹೆಂಡತಿ ಬಂದು ಗಂಡನನ್ನು ಪಕ್ಕಕ್ಕೆ ಸರಿಸಿ ನಮ್ಮನ್ನು ಕರೆದೊಯ್ದರು. ಅಯ್ಯೋ ದೇವರೇ! ಬಿಲ್ಡಿಂಗಿಗೆಲ್ಲ ನಲ್ಲಿ ರಿಪೇರಿಯ ನೋಟೀಸು ಕಳಿಸುವವರ ಹಿಂದಿನ ಶೌಚಾಲಯದಲ್ಲಿ ಟ್ಯಾಂಕಿಗೆ ಮುಚ್ಚಳವೇ ಇಲ್ಲ, ಫ್ಲಷ್ ಕೆಟ್ಟು ವರ್ಷಗಳಾಗಿವೆ, ನೀರಿಗೆ ಬಕೆಟ್ಟು. ಹಾಗಾಗಿ ಬ್ಲೀಚಿಂಗ್ ನೀರು ಅದರೊಳಗೆ ಬಂದೇ ಇರಲಿಲ್ಲ. ಮೇಲಿನ ಕಿಟಕಿಯಿಂದ ಸಂಜೆಯ ಬಿಸಿಲು ನೇರವಾಗಿ ಹಳೆಯ ಬಾವಿನೀರಿನ ಮೇಲೆ ಬೀಳುತ್ತಿತ್ತು, ಒಳಗೋಡೆಯ ತುಂಬ ಹೊಂಗಂದು ಲೋಳೆ. ಭಾಗ್ಯಶ್ರೀ ಬಗ್ಗಿ ನೋಡಿ, "ಅವ್ವಾ!" ಎಂದಳು, ಅಷ್ಟೇ.

ನಮ್ಮ ಊಟದ ಮೇಜಿನ ಮೇಲೆ ಸೂಕ್ಷ್ಮದರ್ಶಕ. ಅವಳು ನೋಡಿದಳು; ಎದ್ದು ನನಗೆ ಕುರ್ಚಿ ಬಿಟ್ಟಳು. ಕುಳ್ಳರ ನಡುವೆ ಒಂದು ದೊಡ್ಡದು, ತುಂಬುಗರ್ಭಿಣಿಯಂತೆ ನಿಧಾನವಾಗಿ ತೇಲುತ್ತಿತ್ತು. ಅದರ ತುದಿ ಚೂಪಾಗಿರಲಿಲ್ಲ. ದುಂಡಗಿತ್ತು, ಎರಡೂ ಕಡೆ ದುಂಡಗಿತ್ತು. ಹಳೆಯ ಮನೆಯನ್ನು ಕಳಚಿ ಎಸೆದು ಹೊಸದಾಗಿ ಕಟ್ಟಿದ ಆ ಸಾಹಸ ಎಲ್ಲಿ ನಡೆಯಿತೆಂದರೆ, ಸಾವಂತರು ರಿಪೇರಿ ಮಾಡಿಸದ ಶೌಚಾಲಯದಲ್ಲಿ. ಏಕೆ ಅಲ್ಲಿಯೇ ಎಂದು ನಾನು ಹೇಳಲಾರೆ. ಆದರೆ ಎಲ್ಲವನ್ನೂ ತಿಕ್ಕಿ ತೊಳೆದು ಚೊಕ್ಕಟ ಮಾಡುವ ನಮ್ಮ ಕೈಗೆ ಎಟುಕದೆ ಉಳಿದ ಮೂಲೆಗಳಲ್ಲೇ ಬದುಕು ಬೇಕಾದದ್ದನ್ನು ಬಚ್ಚಿಟ್ಟುಕೊಂಡಿರುತ್ತದೆಯೆಂದು ಅಂದಿನಿಂದ ನನ್ನ ನಂಬಿಕೆ. ನನ್ನ ಮನೆಯ ಅಟ್ಟವನ್ನು ಶುಚಿ ಮಾಡದಿರಲು ಇದು ನೆಪವಲ್ಲ ಎಂದರೆ ಯಜಮಾನರು ಒಪ್ಪುವುದಿಲ್ಲ.

ಲೇಖನದಲ್ಲಿ ದೊಡ್ಡದು ಸಿಕ್ಕ ಜಾಗವನ್ನು ಸ್ಪಷ್ಟವಾಗಿ ನಮೂದಿಸಬೇಕು. ಸಾವಂತರು ಕೈಮುಗಿದು, ಟಾಯ್ಲೆಟ್ ಎಂದು ಮಾತ್ರ ಬರೆಯಬೇಡಿ ಎಂದರು. "ಸುಳ್ಳು ಬರೀಲಿಕ್ಕೆ ಬರಂಗಿಲ್ರಿ ಮೇಡಂ, ಅವರಿಗೆ ಹೇಳ್ರಿ," ಎಂದಳು ಭಾಗ್ಯಶ್ರೀ. ಸಾವಂತರ ಹೆಂಡತಿ ಮಾತ್ರ "ಲಿಹಾ, ಲಿಹಾ! ಸಗಳಂ ಲಿಹಾ!" ಎಂದು, ಎಲ್ಲವನ್ನೂ ಬರೆಯಿರೆಂದು ಹುರಿದುಂಬಿಸಿದರು. ಮುಚ್ಚಳ ಹಾಕಿಸಿರೆಂದು ವರ್ಷಗಟ್ಟಲೆ ಹೇಳಿ ಸೋತಿದ್ದವರಿಗೆ ಅಂತರರಾಷ್ಟ್ರೀಯ ಮಟ್ಟದಲ್ಲಿ ನ್ಯಾಯ ಸಿಗುವ ಅವಕಾಶ ಅದು. ತಜ್ಞರು ಒಪ್ಪಿದರು, ಲೇಖನ ಅಚ್ಚಿಗೆ ಹೋಯಿತು, ಗಡುವಿನೊಳಗೆ ಮಹಾಪ್ರಬಂಧವೂ ಒಪ್ಪಿತವಾಯಿತು.

ಮಳೆನೀರು ತುಂಬಿ ಬಾವಿಯ ಬ್ಲೀಚಿಂಗ್ ವಾಸನೆ ಹೋದ ಮೇಲೆ, ಮುಂದೂಡಿದ್ದ ಸತ್ಕಾರ ನಡೆಯಿತು. ಶಾಲಿಗಿಂತ ಮೊದಲು, ಸಾವಂತರು ತಮ್ಮ ಶೌಚಾಲಯದ ಟ್ಯಾಂಕಿನ ನೀರನ್ನು ಸ್ಟೀಲ್ ಬಕೆಟ್ಟಿನಲ್ಲಿ ಎರಡೂ ಕೈಯಿಂದ ಎತ್ತಿ ತಂದರು. ಅವರ ಹೆಂಡತಿ ಮುಂದೆ ತೆಂಗಿನಕಾಯಿ ಹಿಡಿದು ನಡೆದರು. ಸಂಡಾಸಿನ ನೀರೆಂದು ಯಾರೂ ಮೂಗು ಮುರಿಯಲಿಲ್ಲ. ಅರಿಶಿನ ಕುಂಕುಮ ಏರಿಸಿ, ಗಂಗೆಯನ್ನೇ ಇಳಿಸುವವರಂತೆ ಮೆಲ್ಲಗೆ ಬಾವಿಗೆ ಸುರಿದರು. ಭಾಷಣದಲ್ಲಿ ಭಾಗ್ಯಶ್ರೀ ಹೊಸ ಜೀವಿಯ ಹೆಸರು ಹೇಳಿದಳು. ನಾವಿಕುಲ ವಸುಂಧರೇ. ಲ್ಯಾಟಿನ್ನಿನಲ್ಲಿ, ವಸುಂಧರೆಯ ಪುಟ್ಟ ದೋಣಿ. ನನಗೆ ಬಿಕ್ಕಳಿಕೆ ಬಂದುಬಿಟ್ಟಿತು. ನನಗೆ ತೋರಿಸಿದ ಕರಡಿನಲ್ಲೆಲ್ಲ ಮಲಾಡಿನ ಹೆಸರಿಟ್ಟು, ಅಚ್ಚಿಗೆ ಹೋಗುವ ಮುನ್ನ ಗುಟ್ಟಾಗಿ ಬದಲಿಸಿದ್ದಳು, ಖದೀಮಳು. "ಬೇಡ ಅಂದಿದ್ದೆನಲ್ಲೇ," ಎಂದೆ. "ನೀವು ಬ್ಯಾಡ ಅಂದಾಗ ನಿಮ್ಮ ಮಾರಿ ನೋಡಿದ್ನಿರಿ. ಮಾರಿ ಇಡು ಅಂತಿತ್ತು," ಎಂದಳು.

ಮರುವಾರ ಬಿಲ್ಡಿಂಗಿನ ಬಾಗಿಲಲ್ಲಿ ಮನೆಮನೆಯ ಹೆಸರಿರುವ ಹಲಗೆಯ ತಳದಲ್ಲಿ ಸಾವಂತರು ಹೊಸ ಸಾಲೊಂದನ್ನು ಬರೆಸಿದ್ದರು: ಬಾವಿ, ನಾವಿಕುಲ ವಸುಂಧರೇ. ಆ ಹಲಗೆಯ ಮೇಲೆ ನಮ್ಮ ಮನೆಯ ಎದುರು ಇರುವುದು ಯಜಮಾನರ ಹೆಸರು. ಎಲ್ಲ ಮನೆಗಳ ಎದುರೂ ಯಜಮಾನರ ಹೆಸರೇ. ಇಷ್ಟು ವರ್ಷ ಅದರ ಮುಂದೆ ಹಾದುಹೋಗಿದ್ದರೂ ಈ ಸಂಗತಿ ನನ್ನ ಕಣ್ಣಿಗೆ ಬಿದ್ದದ್ದು ಅಂದೇ. ನಿಂತು ಮತ್ತೊಮ್ಮೆ ಓದಿದೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಬೆರಳಿಂದ ಮುಟ್ಟಿಯೂ ನೋಡಿದೆ.

ಮೊನ್ನೆ ಕೊರಿಯರಿನವನೊಬ್ಬ ನನ್ನ ಹೆಸರಿಗೆ ಪೊಟ್ಟಣ ತಂದಿದ್ದ. ವಾಚ್‌ಮನ್ ಹೊಸಬ, ಹಲಗೆಯನ್ನು ಮೇಲಿಂದ ಕೆಳಗೆ ಓದಿ, ವಸುಂಧರಾ ಎಂಬವರು ಇರುವುದು ಹಿಂದುಗಡೆ ಎಂದು ಕೈತೋರಿಸಿದ್ದಾನೆ. ಅಡುಗೆಮನೆಯ ಕಿಟಕಿಯಿಂದ ಬಗ್ಗಿ ನೋಡುತ್ತೇನೆ: ಭಾಗ್ಯಶ್ರೀ ಪದವಿ ಮುಗಿಸಿ ರಟ್ಟು ಕಟ್ಟಿಸಿ ಕಳಿಸಿದ ಮಹಾಪ್ರಬಂಧವನ್ನು ಎದೆಗೊತ್ತಿಕೊಂಡು, ಆ ಮನುಷ್ಯ ಬಾವಿಕಟ್ಟೆಯ ಬಳಿ ನಿಂತು, "ವಸುಂಧರಾ ಮೇಡಮ್! ವಸುಂಧರಾ ಮೇಡಮ್!" ಎಂದು ಒಳಗೆ ಇಣುಕಿ ಕೂಗುತ್ತಿದ್ದಾನೆ. ಕೆಳಗೆ ಕಲ್ಲುಗಳ ಮೇಲೆ ತಿಳಿಗಂದು ಬಣ್ಣ ಮತ್ತೆ ಹತ್ತಿತ್ತು. ನಾನು ಕೂಡಲೇ ಓ ಎನ್ನಲಿಲ್ಲ. ಪದವಿ ತಂದುಕೊಟ್ಟವಳು ಬಾವಿಯೊಳಗಿನ ವಸುಂಧರೆ. ಮೊದಲು ಅವಳೇ ಓಗೊಡಲಿ ಎಂದು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ.